ಎರಡು ದೂರದ ಊರುಗಳ ನಡುವೆ ವಿಮಾನದ ದಾರಿ ಎಷ್ಟು, ಹೊತ್ತು ಎಷ್ಟು? ನೀವೇ ಲೆಕ್ಕ ಹಾಕುವ ಬಗೆ

ಎರಡು ಟಿಕೆಟ್ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಸೇರಬೇಕು. ಎರಡನೆಯದರಲ್ಲಿ ರಾತ್ರಿ 7ಕ್ಕೆ ನ್ಯೂಯಾರ್ಕ್ ಬಿಟ್ಟು ಮರುದಿನ ಬೆಳಿಗ್ಗೆ 7ಕ್ಕೆ ಲಂಡನ್ ಸೇರಬೇಕು. ಗಡಿಯಾರ ನೋಡಿದರೆ ಹೋಗಲು 3 ಗಂಟೆ, ಬರಲು 12 ಗಂಟೆ. ಊರುಗಳು ಅವೇ, ದೂರವೂ ಅದೇ. ನಿಜವಾಗಿ ವಿಮಾನದಲ್ಲಿ ಕಳೆಯುವುದು ಹೋಗುವಾಗ 8 ಗಂಟೆ, ಬರುವಾಗ 7 ಗಂಟೆ.

ಇಲ್ಲಿ ಎರಡು ಒಗಟುಗಳಿವೆ. ಗಡಿಯಾರ ಯಾಕೆ ಹೀಗೆ ಹೇಳುತ್ತದೆ ಅನ್ನೋದು ಒಂದು. ಗಡಿಯಾರ ಸರಿಮಾಡಿದ ಮೇಲೂ ಒಂದು ಗಂಟೆ ವ್ಯತ್ಯಾಸ ಯಾಕೆ ಉಳಿಯುತ್ತದೆ ಅನ್ನೋದು ಇನ್ನೊಂದು. ಎರಡೂ ಬಿಡಿಸಲು ಬಂದರೆ, ಜಗತ್ತಿನ ಯಾವ ಎರಡು ಊರು ಕೊಟ್ಟರೂ ಕಾಗದ ಪೆನ್ನು ಹಿಡಿದು ಹತ್ತು ನಿಮಿಷದಲ್ಲಿ ಲೆಕ್ಕ ಹೇಳಬಹುದು. ಮೊದಲೇ ಒಂದು ಮಾತು: ದೂರಕ್ಕೆ ಒಂದೇ ಉತ್ತರ ಸಿಗುತ್ತದೆ, ಸಮಯಕ್ಕೆ ಸಿಗುವುದಿಲ್ಲ. ಸಮಯವನ್ನು ಯಾವಾಗಲೂ "ಇಷ್ಟರಿಂದ ಇಷ್ಟರೊಳಗೆ" ಅಂತಲೇ ಹೇಳಬೇಕು.

ಹಂತ 1: ಊರಲ್ಲ, ವಿಮಾನ ನಿಲ್ದಾಣ ಹಿಡಿಯಿರಿ

"ಲಂಡನ್" ಅಂದರೆ ಯಾವ ಲಂಡನ್? ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಲ್ಲಕ್ಕೂ ಜನ ಲಂಡನ್ ಅಂತಲೇ ಹೇಳುತ್ತಾರೆ. ಟೋಕಿಯೊದ ಹನೆಡಾ ಊರಿಗೆ ಅಂಟಿಕೊಂಡೇ ಇದೆ, ನರಿತಾ ಸುಮಾರು 60 ಕಿ.ಮೀ. ಆಚೆ. ಆಕಾಶದ ಲೆಕ್ಕದಲ್ಲಿ ಈ 60 ಕಿ.ಮೀ. ನಾಲ್ಕೈದು ನಿಮಿಷದ ಮಾತು. ಇಳಿದ ಮೇಲೆ ಅದೇ ಒಂದು ಗಂಟೆ ತಿನ್ನುತ್ತದೆ.

ಅದಕ್ಕೇ ಮೂರಕ್ಷರದ ಕೋಡ್ ಬರೆದುಕೊಳ್ಳಿ. ಹೀಥ್ರೋಗೆ ಎಲ್‌ಎಚ್‌ಆರ್, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಟಿಕೆಟ್ ಮೇಲೆ, ಲಗೇಜ್ ಚೀಟಿ ಮೇಲೆ ಇರುವುದು ಇದೇ. ಕೋಡ್ ಪಕ್ಕದಲ್ಲಿ ಆ ನಿಲ್ದಾಣದ ಅಕ್ಷಾಂಶ, ರೇಖಾಂಶ ಬರೆಯಿರಿ. ಯಾವ ನಕ್ಷೆಯ ಆ್ಯಪ್‌ನಲ್ಲಾದರೂ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್ ಗುರುತು ಇರುತ್ತದೆ. ಅದನ್ನು ಬಿಟ್ಟು ಬರೆದರೆ ನ್ಯೂಯಾರ್ಕ್ ಏಷ್ಯಾಕ್ಕೆ ಬಂದು ಕೂರುತ್ತದೆ. ಈ ಲೆಕ್ಕದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ.

ಹಂತ 2: ಗ್ಲೋಬ್ ಮೇಲೆ ದಾರ ಎಳೆಯಿರಿ

ಇದನ್ನು ಬಿಟ್ಟು ನೇರ ಸೂತ್ರಕ್ಕೆ ಹೋಗಬೇಡಿ ಅಂತ ನನ್ನ ಕಳಕಳಿಯ ಮಾತು. ಒಂದು ಸಲ ಕೈಯಾರೆ ಮಾಡಿ ನೋಡಿದರೆ ಆಮೇಲಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಭೂಮಿ ಚಪ್ಪಟೆ. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆಯ ಮಾದರಿ ಇವತ್ತಿಗೂ ಎಲ್ಲ ಕಡೆ ಇದೆ. ಹಡಗಿನವರಿಗೆ ದಿಕ್ಕು ಹಿಡಿಯಲು ಅದು ತುಂಬಾ ಒಳ್ಳೆಯದು. ಆದರೆ ಧ್ರುವದ ಕಡೆ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಇಂಥ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ದೂರ ಅಳೆದರೆ ತಪ್ಪು ಬರದೆ ಇರುತ್ತದಾ?

ನನ್ನ ಮೇಜಿನ ಮೇಲಿರುವುದು 30 ಸೆಂ.ಮೀ. ಅಡ್ಡಳತೆಯ ಗ್ಲೋಬ್. ಅದರ ನಡು ಸುತ್ತ ದಾರ ಸುತ್ತಿದರೆ 94 ಸೆಂ.ಮೀ. ಚಿಲ್ಲರೆ ಆಗುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ದಾರದ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಈಗ ದಾರದ ಒಂದು ತುದಿಯನ್ನು ಲಂಡನ್ ಮೇಲೆ ಹೆಬ್ಬೆರಳಿನಿಂದ ಒತ್ತಿ. ಇನ್ನೊಂದು ತುದಿಯನ್ನು ನ್ಯೂಯಾರ್ಕ್ ಮೇಲೆ ಹಿಡಿದು ಬಿಗಿಯಾಗಿ ಎಳೆಯಿರಿ. ಸಡಿಲ ಇದ್ದಾಗ ದಾರ ಎಲ್ಲಿ ಬೇಕಾದರೂ ಹೋಗುತ್ತದೆ. ಬಿಗಿ ಮಾಡುತ್ತ ಹೋದ ಹಾಗೆ ಅದು ತಾನಾಗಿಯೇ ಜಾರಿ ಉತ್ತರಕ್ಕೆ ಬಾಗುತ್ತದೆ. ಐರ್ಲೆಂಡ್ ದಾಟಿ, ಅಟ್ಲಾಂಟಿಕ್ ಮೇಲೆ ಬಿಲ್ಲಿನಂತೆ ಬಳಸಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿ ಕೆಳಗಿಳಿಯುತ್ತದೆ. ಬಿಚ್ಚಿ ಅಳೆದರೆ 13 ಸೆಂ.ಮೀ. 13ನ್ನು 425ರಿಂದ ಗುಣಿಸಿದರೆ 5,525 ಕಿ.ಮೀ. ನಿಜವಾದ ಉತ್ತರಕ್ಕೆ ಇದು ಎಷ್ಟು ಹತ್ತಿರ ಅಂತ ಮುಂದಿನ ಹಂತದಲ್ಲಿ ನೀವೇ ನೋಡುತ್ತೀರಿ.

ಆ ಬಿಗಿ ದಾರದ ಗೆರೆಗೆ ಮಹಾವೃತ್ತ ಅಂತ ಹೆಸರು. ಕಿತ್ತಳೆ ಹಣ್ಣನ್ನು ಸರಿಯಾಗಿ ನಡುವಿನಿಂದ ಕತ್ತರಿಸಿದರೆ ಸಿಪ್ಪೆಯ ಮೇಲೆ ಮೂಡುವ ಸುತ್ತು ಇದೆಯಲ್ಲ, ಅದೇ. ಗೋಳದ ಮೇಲೆ ಎರಡು ಬಿಂದುಗಳ ನಡುವೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನದ ದಾರಿ ಬಿಲ್ಲಿನಂತೆ ಕಂಡಾಗ "ಯಾಕೆ ಸುತ್ತಿ ಹೋಗ್ತಿದಾರೆ?" ಅಂತ ಅನ್ನಿಸುತ್ತದೆ, ಅಲ್ವಾ? ವಿಮಾನ ನೆಟ್ಟಗೇ ಹೋಗುತ್ತಿರುತ್ತದೆ. ಬಾಗಿರುವುದು ನಕ್ಷೆ.

ಇನ್ನೂ ಎದ್ದು ಕಾಣಬೇಕಾದರೆ ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ದಾರ ಎಳೆಯಿರಿ. ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಅದೇ ಅಕ್ಷಾಂಶ ಹಿಡಿದು ಪೂರ್ವಕ್ಕೆ ಹೋದರೆ ಸುಮಾರು 9,300 ಕಿ.ಮೀ. ದಾರ ತೋರಿಸುವ ದಾರಿ ಉತ್ತರದಲ್ಲಿ 48 ಡಿಗ್ರಿಯವರೆಗೆ ಏರಿ ಇಳಿದರೂ ಸುಮಾರು 8,800 ಕಿ.ಮೀ. ಮಾತ್ರ. ಹತ್ತಿ ಇಳಿದ ದಾರಿಯೇ 500 ಕಿ.ಮೀ. ಉಳಿಸಿತು.

ಹಂತ 3: ಸೂತ್ರ ಹಾಕಿ

ತ್ರಿಕೋನಮಿತಿ ಅಂದ ತಕ್ಷಣ ಹಿಂಜರಿಯಬೇಡಿ. ಫೋನಿನ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೆ ಸೈನ್, ಕಾಸ್ ಬಟನ್ ಬರುತ್ತವೆ. ಅದು ಡಿಗ್ರಿಯಲ್ಲಿ ಇದೆಯೋ ರೇಡಿಯನ್‌ನಲ್ಲಿ ಇದೆಯೋ ಮೊದಲು ನೋಡಿ. ಸೈನ್ 30 ಒತ್ತಿದರೆ 0.5 ಬಂದರೆ ಡಿಗ್ರಿ, ಮುಂದುವರಿಯಿರಿ. ಬೇರೆ ಏನೋ ಬಂದರೆ ಬದಲಾಯಿಸಿ. ಎಕ್ಸೆಲ್‌ನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಅದು ಯಾವಾಗಲೂ ರೇಡಿಯನ್ ಅಂತಲೇ ತಿಳಿಯುತ್ತದೆ, ಹಾಗಾಗಿ ಮೊದಲು ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸಬೇಕು.

ಬೇಕಾದದ್ದು ಮೂರೇ ಸಂಖ್ಯೆ. ಹೀಥ್ರೋ ಅಕ್ಷಾಂಶ 51.47. ಕೆನಡಿ ಅಕ್ಷಾಂಶ 40.64. ರೇಖಾಂಶಗಳು −0.45 ಮತ್ತು −73.78, ಅವುಗಳ ವ್ಯತ್ಯಾಸ 73.33. ಈಗ ನಿಧಾನವಾಗಿ ಹೀಗೆ ಮಾಡಿ.

ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.7823 × 0.6513 = 0.5095.

ಎರಡು ಅಕ್ಷಾಂಶಗಳ ಕಾಸ್ ತೆಗೆದು ಗುಣಿಸಿ: 0.6229 × 0.7588 = 0.4727. ಇದನ್ನು ರೇಖಾಂಶ ವ್ಯತ್ಯಾಸದ ಕಾಸ್‌ನಿಂದ ಗುಣಿಸಿ: 0.4727 × 0.2869 = 0.1356.

ಎರಡನ್ನೂ ಕೂಡಿಸಿ: 0.5095 + 0.1356 = 0.6451.

ಇದರ ಕಾಸ್ ವಿಲೋಮ (cos⁻¹ ಬಟನ್) ಒತ್ತಿ. 49.83 ಡಿಗ್ರಿ ಬರುತ್ತದೆ. ಭೂಮಿಯ ನಡುವಿನಲ್ಲಿ ನಿಂತು ನೋಡಿದರೆ ಎರಡು ನಿಲ್ದಾಣಗಳ ನಡುವೆ ಇರುವ ಕೋನ ಇದು. ಒಂದು ಡಿಗ್ರಿಗೆ 111.19 ಕಿ.ಮೀ. ಹಾಗಾಗಿ 49.83 × 111.19 = 5,540 ಕಿ.ಮೀ. ದಾರ ಹೇಳಿದ್ದು 5,525!

ಆ 111ರ ಗುಟ್ಟು ಚೆನ್ನಾಗಿದೆ. 1790ರ ದಶಕದಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಮೀಟರ್ ಅನ್ನೋ ಅಳತೆ ಕಟ್ಟುವಾಗ, ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರ 10,000 ಕಿ.ಮೀ. ಆಗುವ ಹಾಗೆ ಇಟ್ಟರು. ಆ ದೂರ 90 ಡಿಗ್ರಿ. 10,000ವನ್ನು 90ರಿಂದ ಭಾಗಿಸಿದರೆ 111. ಇಷ್ಟು ನೆನಪಿದ್ದರೆ ಉತ್ತರ ದಕ್ಷಿಣವಾಗಿ ಇರುವ ಊರುಗಳ ದೂರವನ್ನು ಬಾಯಲ್ಲೇ ಹೇಳಬಹುದು. ಕೈರೋ ಸುಮಾರು 30 ಡಿಗ್ರಿ ಉತ್ತರ, ಜೊಹಾನ್ಸ್‌ಬರ್ಗ್ 26 ಡಿಗ್ರಿ ದಕ್ಷಿಣ, ರೇಖಾಂಶ ಹತ್ತಿರ ಹತ್ತಿರ. 56 × 111, ಅಂದರೆ 6,200 ಕಿ.ಮೀ. ಚಿಲ್ಲರೆ. ಸೂತ್ರವೂ ಅದನ್ನೇ ಹೇಳುತ್ತದೆ.

ಪೆಸಿಫಿಕ್ ದಾಟುವ ಜೋಡಿಗಳಲ್ಲಿ ರೇಖಾಂಶದ ವ್ಯತ್ಯಾಸ 180 ಮೀರುತ್ತದೆ. ಟೋಕಿಯೊ 139.8 ಪೂರ್ವ, ಲಾಸ್ ಏಂಜಲೀಸ್ 118.4 ಪಶ್ಚಿಮ, ಕೂಡಿದರೆ 258.2. ಆಗ 360ರಿಂದ ಕಳೆದು 101.8 ತೆಗೆದುಕೊಳ್ಳಿ.

ಹಂತ 4: ತಾಳೆ ನೋಡಿ, ಮೈಲಿಗಳ ಗೊಂದಲ ಬಿಡಿಸಿಕೊಳ್ಳಿ

ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ತಾಣದಲ್ಲಿ ಎರಡು ಕೋಡ್ ಹಾಕಿದರೆ ದೂರವೂ ಗೆರೆಯೂ ಬರುತ್ತವೆ. ಗೂಗಲ್ ಅರ್ತ್‌ನಲ್ಲಿ ಅಳೆಯುವ ಸ್ಕೇಲ್ ಇದೆ. ಅವು ನಿಮ್ಮ ಉತ್ತರಕ್ಕಿಂತ ಹತ್ತು ಹದಿನೈದು ಕಿ.ಮೀ. ಬೇರೆ ತೋರಿಸಿದರೆ ಲೆಕ್ಕ ತಪ್ಪಿತು ಅಂದುಕೊಳ್ಳಬೇಡಿ. ಭೂಮಿ ಪೂರ್ತಿ ಗುಂಡಗಿಲ್ಲ. ನಡುವಿನಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ನಮ್ಮ ಸೂತ್ರ ಸರಾಸರಿ 6,371 ಹಿಡಿಯುತ್ತದೆ. ತಪ್ಪು ಅಬ್ಬಬ್ಬಾ ಅಂದರೆ ನೂರಕ್ಕೆ ಅರ್ಧದಷ್ಟು.

ದೊಡ್ಡ ವ್ಯತ್ಯಾಸ ಕಂಡರೆ ಅದು ಮೈಲಿಯ ಗೊಂದಲವೇ ಇರಬೇಕು. ವಿಮಾನದವರು ಬಳಸುವುದು ನಾಟಿಕಲ್ ಮೈಲಿ. ಅದು ಸರಿಯಾಗಿ 1,852 ಮೀಟರ್. ರಸ್ತೆಯ ಮೈಲಿ 1,609 ಮೀಟರ್. ನಮ್ಮ 5,540 ಕಿ.ಮೀ.ಯೇ ಒಂದು ಕಡೆ 2,991 ಅಂತಲೂ ಇನ್ನೊಂದು ಕಡೆ 3,442 ಅಂತಲೂ ಕಾಣುತ್ತದೆ. ಮೂರೂ ಸರಿ.

ಹಂತ 5: ವಿಮಾನ ಹೋಗುವ ದಾರಿ ಗೆರೆಗಿಂತ ಎಷ್ಟು ಉದ್ದ?

ವಿಮಾನ ಗಾಳಿಯ ದಿಕ್ಕಿಗೆ ಮುಖಮಾಡಿ ಏರಬೇಕು, ಗೊತ್ತುಮಾಡಿದ ಬಿಂದುಗಳ ಮೇಲೆ ಹಾಯಬೇಕು, ಬಿರುಗಾಳಿ ಮಳೆಯ ಮೋಡ ತಪ್ಪಿಸಬೇಕು, ಇಳಿಯುವಾಗ ಸರದಿ ಕಾಯಬೇಕು. ಉತ್ತರ ಅಟ್ಲಾಂಟಿಕ್ ಮೇಲೆ ದಿನಾಲೂ ಆವತ್ತಿನ ಗಾಳಿ ನೋಡಿ ಹೊಸ ದಾರಿಗಳನ್ನು ಗುರುತು ಮಾಡುತ್ತಾರೆ. ಪಶ್ಚಿಮಕ್ಕೆ ಹೋಗುವವರಿಗೆ ಒಂದು ಗುಂಪು, ಪೂರ್ವಕ್ಕೆ ಬರುವವರಿಗೆ ಇನ್ನೊಂದು. ದೂರದ ಹಾರಾಟಕ್ಕೆ ನಾನು ಈ ಎಲ್ಲಕ್ಕೂ ಸೇರಿಸಿ ನೂರಕ್ಕೆ 4 ಜಾಸ್ತಿ ಹಾಕುತ್ತೇನೆ. 5,540ಕ್ಕೆ ಅದು 5,760 ಕಿ.ಮೀ. ಆಗುತ್ತದೆ.

ಎರಡು ಸಂದರ್ಭದಲ್ಲಿ ಮಾತ್ರ ಈ 4 ಸಾಲದು. ಮೊದಲನೆಯದು ಮುಚ್ಚಿದ ಆಕಾಶ. ಹೆಲ್ಸಿಂಕಿಯಿಂದ ಟೋಕಿಯೊಗೆ ಗೆರೆಯ ದೂರ ಸುಮಾರು 7,800 ಕಿ.ಮೀ. ದಾರಿಯ ಬಹುಪಾಲು ರಷ್ಯಾದ ಮೇಲೆ. 2022ರ ಫೆಬ್ರವರಿಯ ನಂತರ ಆ ಆಕಾಶ ಫಿನ್‌ಲ್ಯಾಂಡ್‌ನ ವಿಮಾನಗಳಿಗೆ ಮುಚ್ಚಿತು. ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಪ್ರಯಾಣ ಉತ್ತರ ಧ್ರುವದ ಕಡೆಯಿಂದ ಸುತ್ತಿಕೊಂಡು 13 ಗಂಟೆಗೆ ಹೋಯಿತು. ಊರುಗಳು ಒಂದಿಂಚೂ ಕದಲಿಲ್ಲ! ಹಾಗಾಗಿ ಗೆರೆ ಯಾವ ಯಾವ ದೇಶದ ಮೇಲೆ ಹಾಯುತ್ತದೆ ಅಂತ ಒಮ್ಮೆ ನೋಡಿ. ಯಾವುದಾದರೂ ಆಕಾಶ ಮುಚ್ಚಿದ್ದರೆ ದಾರವನ್ನು ಅದರ ಅಂಚಿನಲ್ಲಿ ಬಳಸಿ ಮತ್ತೆ ಅಳೆಯಿರಿ. ಗ್ಲೋಬ್ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲೇ.

ಎರಡನೆಯದು ಇಳಿಯಲು ಜಾಗವೇ ಇಲ್ಲದ ಸಮುದ್ರ. ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊಗೆ ಮಹಾವೃತ್ತದ ದೂರ ಸುಮಾರು 11,340 ಕಿ.ಮೀ. ಆ ಗೆರೆ 60 ಡಿಗ್ರಿ ದಕ್ಷಿಣವನ್ನೂ ದಾಟಿ ಅಂಟಾರ್ಕ್ಟಿಕಾ ಕಡೆಗೆ ಇಳಿಯುತ್ತದೆ. ಎರಡು ಎಂಜಿನ್‌ನ ವಿಮಾನ, ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಇಂತಿಷ್ಟು ಹೊತ್ತಿನೊಳಗೆ ಮುಟ್ಟಬಹುದಾದ ನಿಲ್ದಾಣದ ಅಳತೆಯೊಳಗೇ ಇರಬೇಕು. ಆ ಅಳತೆ ವಿಮಾನದಿಂದ ವಿಮಾನಕ್ಕೆ ಬೇರೆ. ಅದು ಕಮ್ಮಿ ಇದ್ದರೆ ದಾರಿ ಉತ್ತರಕ್ಕೆ ಸರಿದು ಉದ್ದವಾಗುತ್ತದೆ.

ಹಂತ 6: ವೇಗ

ಇದು ಸುಲಭ. ದೂರ ಹಾರುವ ಈಗಿನ ವಿಮಾನಗಳು, ಬೋಯಿಂಗ್ 787 ಆಗಲಿ ಏರ್‌ಬಸ್ ಎ350 ಆಗಲಿ, ಶಬ್ದದ ವೇಗದ ನೂರಕ್ಕೆ 85ರಷ್ಟರಲ್ಲಿ ಹಾರುತ್ತವೆ. 11 ಕಿ.ಮೀ. ಎತ್ತರದಲ್ಲಿ ಚಳಿ ಸೊನ್ನೆಗಿಂತ 56 ಡಿಗ್ರಿ ಕೆಳಗೆ ಇರುತ್ತದೆ. ಆ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,060 ಕಿ.ಮೀ. ಅದರ 85 ಪಾಲು ಅಂದರೆ ಸುಮಾರು 900. ಈ 900 ನೆನಪಿಡಿ. ಎ320, 737ರಂಥ ಚಿಕ್ಕ ವಿಮಾನವಾದರೆ 830 ಹಿಡಿಯಿರಿ.

ಹಂತ 7: ಗಾಳಿಯನ್ನು ಕೂಡಿಸಿ, ಕಳೆಯಿರಿ

ಶುರುವಿನಲ್ಲಿ ಹೇಳಿದ ಒಂದು ಗಂಟೆಯ ಒಗಟು ಬಿಡುವುದು ಇಲ್ಲಿ. ಆ 900 ಇದೆಯಲ್ಲ, ಅದು ಸುತ್ತಲಿನ ಗಾಳಿಯೊಳಗಿನ ವೇಗ. ನೆಲದ ವೇಗ ಅಲ್ಲ. ಹರಿಯುವ ಹೊಳೆಯಲ್ಲಿ ಈಜುವವರನ್ನು ನೆನಪಿಸಿಕೊಳ್ಳಿ. ಕೈ ಬೀಸುವುದು ಒಂದೇ ಸಮ. ಆದರೆ ದಡದಲ್ಲಿ ನಿಂತು ನೋಡಿದರೆ, ನೀರಿನ ಜೊತೆ ಹೋಗುವಾಗ ಬೇಗ, ಎದುರು ಬರುವಾಗ ನಿಧಾನ.

ಮೇಲಿನ ಆ ಹೊಳೆಯ ಹೆಸರು ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಉತ್ತರಾರ್ಧದಲ್ಲೂ ದಕ್ಷಿಣಾರ್ಧದಲ್ಲೂ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ವಿಮಾನ ಹಾರುವುದೂ ಅದೇ ಎತ್ತರದಲ್ಲಿ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಒಯಿಶಿ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಎಲ್ಲ ದೇಶದವರೂ ಓದಲಿ ಅಂತ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಆ ಭಾಷೆ ಬಲ್ಲವರು ಕಮ್ಮಿ, ಹಾಗಾಗಿ ಹೊರಗಿನವರ ಗಮನಕ್ಕೆ ಬರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರಿದ ಅಮೆರಿಕದ ಬಾಂಬರ್‌ಗಳು ಜಪಾನಿನ ಮೇಲೆ ಇದೇ ಗಾಳಿಗೆ ಸಿಕ್ಕಿ ತತ್ತರಿಸಿದವು. ಅಷ್ಟು ದೊಡ್ಡ ವಿಷಯ ಬರಹದಲ್ಲೇ ಉಳಿದುಹೋಗಿತ್ತು ಅನ್ನೋದು ನನಗೆ ಇವತ್ತಿಗೂ ಬೇಸರ ತರುತ್ತದೆ.

ಲೆಕ್ಕಕ್ಕೆ ಬರೋಣ. ಲಂಡನ್‌ನಿಂದ ನ್ಯೂಯಾರ್ಕ್ ಅಂದರೆ ಪಶ್ಚಿಮಕ್ಕೆ, ಎದುರುಗಾಳಿ. ಗಂಟೆಗೆ 100 ಕಿ.ಮೀ. ಕಳೆಯಿರಿ. 5,760ನ್ನು 800ರಿಂದ ಭಾಗಿಸಿದರೆ 7.2 ಗಂಟೆ. ಬರುವಾಗ ಗಾಳಿ ಬೆನ್ನ ಹಿಂದೆ, 100 ಕೂಡಿಸಿ. 5,760ನ್ನು 1,000ದಿಂದ ಭಾಗಿಸಿದರೆ 5.76 ಗಂಟೆ. ಎರಡರ ನಡುವೆ ಸುಮಾರು ಒಂದೂವರೆ ಗಂಟೆ. ಹೋಗುವಾಗ ಪೈಲಟ್‌ಗಳು ಆ ಹೊಳೆಯನ್ನು ತಪ್ಪಿಸುವ ದಾರಿ ಹಿಡಿಯುತ್ತಾರೆ, ಹಾಗಾಗಿ ನಿಜದಲ್ಲಿ ಅಂತರ ಇನ್ನೂ ಸ್ವಲ್ಪ ಕಮ್ಮಿ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ವಾಪಸ್ ಸಿಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 12.8 ಗಂಟೆ. ಗಾಳಿ ಇದ್ದಾಗ 12.96. ಹತ್ತು ನಿಮಿಷ ಹೋಯಿತು. ಯಾಕೆಂದರೆ ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಜಾಸ್ತಿ.

ಎಷ್ಟು ಗಾಳಿ ಹಿಡಿಯಬೇಕು? ನಾನು ಹೀಗೆ ಮಾಡುತ್ತೇನೆ. 30ರಿಂದ 60 ಡಿಗ್ರಿ ಅಕ್ಷಾಂಶದ ನಡುವೆ ಪೂರ್ವ ಪಶ್ಚಿಮ ಹಾರಾಟವಾದರೆ ಚಳಿಗಾಲಕ್ಕೆ 100, ಬೇಸಿಗೆಗೆ 50. ಉತ್ತರ ದಕ್ಷಿಣ ಹಾರಾಟಕ್ಕೂ ಸಮಭಾಜಕ ವೃತ್ತದ ಹತ್ತಿರದ್ದಕ್ಕೂ ಏನೂ ಹಾಕುವುದಿಲ್ಲ. ಇದು ಸರಾಸರಿ ಅಷ್ಟೇ. ಕೆಲವು ದಿನ ಜೆಟ್ ಸ್ಟ್ರೀಮ್ ಗಂಟೆಗೆ 300 ಕಿ.ಮೀ. ಮೀರುತ್ತದೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಅದರ ನೆಲದ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಲಿಲ್ಲ. ಗಾಳಿಯೊಳಗೆ ಅದು ಎಂದಿನಂತೆಯೇ ಹಾರುತ್ತಿತ್ತು, ಗಾಳಿಯೇ ಅದನ್ನು ಹೊತ್ತು ತಂದಿತು.

ಹಂತ 8: ಗೇಟಿನಿಂದ ಗೇಟಿಗೆ

ಟಿಕೆಟ್ ಮೇಲೆ ಇರುವ ಹೊತ್ತು ಚಕ್ರ ನೆಲ ಬಿಟ್ಟ ಹೊತ್ತಲ್ಲ. ವಿಮಾನ ಗೇಟಿನಿಂದ ಹಿಂದೆ ಸರಿದಾಗಿನಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗೆ ಲೆಕ್ಕ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಏರುವಾಗಲೂ ಇಳಿಯುವಾಗಲೂ ವೇಗ 900 ಇರುವುದಿಲ್ಲ, ಅದಕ್ಕೆ ಅರ್ಧ ಗಂಟೆ ಸೇರಿಸಿ. ರನ್‌ವೇವರೆಗೆ ತೆವಳಿ ಹೋಗಲು, ಸರದಿ ಕಾಯಲು, ಇಳಿದ ಮೇಲೆ ಗೇಟ್ ಮುಟ್ಟಲು ಎರಡೂ ಕಡೆ ಸೇರಿ ಇನ್ನೊಂದು ಅರ್ಧ ಗಂಟೆ.

ಲಂಡನ್‌ನಿಂದ ನ್ಯೂಯಾರ್ಕ್: 7.2 + 1 = 8.2 ಗಂಟೆ. ವಾಪಸ್: 5.76 + 1 = 6.76, ಅಂದರೆ 6 ಗಂಟೆ 45 ನಿಮಿಷ. ಶುರುವಿನಲ್ಲಿ ಹೇಳಿದ 8 ಮತ್ತು 7 ಬಂದೇ ಬಂತು.

ಜಗತ್ತಿನ ಅತಿ ಉದ್ದದ ಹಾರಾಟಗಳಲ್ಲಿ ಒಂದರ ಮೇಲೆ ಇದನ್ನು ಪರೀಕ್ಷೆ ಮಾಡೋಣ. ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,340 ಕಿ.ಮೀ. ನೂರಕ್ಕೆ 4 ಸೇರಿಸಿದರೆ 15,950. ದಾರಿಯ ಒಂದಷ್ಟು ಪಾಲು ಮಾತ್ರ ಜೆಟ್ ಸ್ಟ್ರೀಮ್ ಇರುವ ಕಡೆ, ಆದ್ದರಿಂದ ಸರಾಸರಿ 40 ಮಾತ್ರ ಕೂಡಿಸಿ 940 ಹಿಡಿಯೋಣ. 17 ಗಂಟೆ ಬರುತ್ತದೆ. ಮೇಲೆ ಒಂದು ಗಂಟೆ ಸೇರಿಸಿ, 18. ವೇಳಾಪಟ್ಟಿಯಲ್ಲಿ ಕಾಣುವುದು 18ರಿಂದ 19 ಗಂಟೆಯೊಳಗೆ. ಕಾಗದದ ಮೇಲಿನ ಲೆಕ್ಕಕ್ಕೆ ಇಷ್ಟು ಸಾಕು.

ಕಂಪನಿಗಳು ವೇಳಾಪಟ್ಟಿಯಲ್ಲಿ ಸ್ವಲ್ಪ ಹೊತ್ತು ಜಾಸ್ತಿಯೇ ಇಟ್ಟಿರುತ್ತವೆ. ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಮುಟ್ಟಲಿ ಅಂತ. ನಿಜ ತಿಳಿಯಬೇಕಾದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಅದೇ ವಿಮಾನದ ನಂಬರ್ ಹಾಕಿ, ಕಳೆದ ಕೆಲವು ದಿನಗಳ ಪಟ್ಟಿ ನೋಡಿ. ಪ್ರತಿ ದಿನ ಎಷ್ಟು ಹೊತ್ತು ಹಾರಿತು ಅಂತ ಸಾಲಾಗಿ ಬರೆದು, ಅತಿ ಕಮ್ಮಿ ಮತ್ತು ಅತಿ ಜಾಸ್ತಿ ಯಾವುದು ಅಂತ ಗುರುತು ಮಾಡಿ. ನಿಮಗೆ ಬೇಕಾದ "ಇಷ್ಟರಿಂದ ಇಷ್ಟರೊಳಗೆ" ಅದೇ. ನೀವು ಹೋಗುವುದು ಜನವರಿಯಲ್ಲಾದರೆ ಜುಲೈ ತಿಂಗಳ ಪಟ್ಟಿ ನೋಡಿ ನಂಬಬೇಡಿ, ಗಾಳಿ ಬೇರೆ.

ಹಂತ 9: ಗಡಿಯಾರದ ಒಗಟು

ಎರಡು ಊರಿನ ಗಡಿಯಾರವನ್ನು ನೇರವಾಗಿ ಕಳೆಯಲು ಹೋದರೆ ತಲೆ ಸುತ್ತುತ್ತದೆ. ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತು ಒಪ್ಪಿದ ಒಂದೇ ಗಡಿಯಾರಕ್ಕೆ ತನ್ನಿ, ಆಮೇಲೆ ಕೂಡಿಸಿ ಕಳೆಯಿರಿ. ತಪ್ಪು ಆಗುವುದೇ ಇಲ್ಲ.

ಟೋಕಿಯೊದಿಂದ ಲಾಸ್ ಏಂಜಲೀಸ್ ತೆಗೆದುಕೊಳ್ಳಿ, ಚಳಿಗಾಲ. ಬಾಯಿಲೆಕ್ಕ ಬೇಡ, ಬರೆದೇ ಮಾಡಿ. ಶುಕ್ರವಾರ ಸಂಜೆ 5ಕ್ಕೆ ಟೋಕಿಯೊ ಬಿಡುತ್ತೀರಿ. ಟೋಕಿಯೊ ಯುಟಿಸಿಗಿಂತ 9 ಗಂಟೆ ಮುಂದೆ, ಹಾಗಾಗಿ ಯುಟಿಸಿ ಬೆಳಿಗ್ಗೆ 8. ಪ್ರಯಾಣ 10 ಗಂಟೆ ಅಂದುಕೊಳ್ಳಿ, ಯುಟಿಸಿ ಸಂಜೆ 6. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ, ಹಾಗಾಗಿ ಅಲ್ಲಿ ಬೆಳಿಗ್ಗೆ 10. ಅದೇ ಶುಕ್ರವಾರ! ಹೊರಟ ಹೊತ್ತಿಗಿಂತ 7 ಗಂಟೆ ಮೊದಲೇ ಇಳಿದಿರಿ. ದಾರಿಯಲ್ಲಿ ದಿನಾಂಕ ರೇಖೆ ದಾಟಿದ್ದರಿಂದ ಹೀಗಾಯಿತು. ವಾಪಸ್ ಬರುವಾಗ ಒಂದು ದಿನ ಕೈತಪ್ಪುತ್ತದೆ, ಹೋಟೆಲ್ ಕಾಯ್ದಿರಿಸುವಾಗ ಇದನ್ನು ಮರೆಯಬಾರದು.

ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಇನ್ನೊಂದು ಎಡವಟ್ಟು. ಲಂಡನ್‌ಗೂ ನ್ಯೂಯಾರ್ಕ್‌ಗೂ 5 ಗಂಟೆ ಅಂತರ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಬದಲಿಸಿದರೆ, ಬ್ರಿಟನ್ ಬದಲಿಸುವುದು ಮಾರ್ಚ್ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಅಂತರ 4 ಗಂಟೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಹಾಗೇ. ಆ ವಾರಗಳಲ್ಲಿ ಪ್ರಯಾಣ ಇದ್ದರೆ ಎರಡೆರಡು ಸಲ ನೋಡಿ.

ಹಂತ 10: ನೇರ ವಿಮಾನ ಇಲ್ಲದಿದ್ದರೆ

ನಡುವೆ ಎಲ್ಲಿ ಇಳಿಯಬೇಕು ಅನ್ನೋದಕ್ಕೂ ಅದೇ ದಾರ ಉತ್ತರ ಹೇಳುತ್ತದೆ. ಲಂಡನ್‌ನಿಂದ ಸಿಡ್ನಿಗೆ ಗೆರೆಯ ದೂರ ಸುಮಾರು 17,000 ಕಿ.ಮೀ. ಸಿಂಗಾಪುರದಲ್ಲಿ ಇಳಿದು ಹೋದರೆ 10,880 + 6,300, ಅಂದರೆ 17,200ರ ಒಳಗೆ. ಇಳಿದು ಹತ್ತಿದರೂ ದೂರ ನೂರಕ್ಕೆ 1ರಷ್ಟು ಮಾತ್ರ ಜಾಸ್ತಿ, ಯಾಕೆಂದರೆ ಸಿಂಗಾಪುರ ಹೆಚ್ಚುಕಮ್ಮಿ ಗೆರೆಯ ಮೇಲೇ ಇದೆ. ಲಾಸ್ ಏಂಜಲೀಸ್ ಕಡೆಯಿಂದ ಹೋದರೆ 8,780 + 12,050, ಅಂದರೆ 20,800 ದಾಟುತ್ತದೆ. ಬರೀ ಹಾರಾಟದಲ್ಲೇ ನಾಲ್ಕು ಗಂಟೆ ಜಾಸ್ತಿ. ಸುತ್ತುದಾರಿ ನೂರಕ್ಕೆ 10 ಮೀರಿದರೆ, ಬೇರೆ ಕಾರಣ ಇಲ್ಲದಿದ್ದರೆ, ನಾನು ಆ ಟಿಕೆಟ್ ಬಿಡುತ್ತೇನೆ.

ಇಳಿದು ಹತ್ತುವ ನಡುವಿನ ಹೊತ್ತನ್ನು ತೀರಾ ಕಮ್ಮಿ ಇಟ್ಟುಕೊಳ್ಳಬೇಡಿ. ನನಗೊಮ್ಮೆ ನಡುವೆ ಇದ್ದದ್ದು 55 ನಿಮಿಷ. ಎದುರುಗಾಳಿಯ ದಿನ, ಮೊದಲ ವಿಮಾನ 40 ನಿಮಿಷ ತಡ. ಗೇಟ್ ಮುಂದೆ ಓಡಿ ನಿಂತಾಗ ಬಾಗಿಲು ಹಾಕಿಯಾಗಿತ್ತು, ಗಾಜಿನಾಚೆ ವಿಮಾನ ಇನ್ನೂ ಅಲ್ಲೇ ಇತ್ತು. ಅವತ್ತಿನಿಂದ ಪಶ್ಚಿಮಕ್ಕೆ ಹೋಗುವ ಉದ್ದ ಹಾರಾಟದ ಮೇಲೆ ಎರಡೂವರೆ ಗಂಟೆಗಿಂತ ಕಮ್ಮಿ ಬಿಡುವನ್ನು ನಾನು ಒಪ್ಪುವುದಿಲ್ಲ. ಎರಡೂ ಹಾರಾಟ ಬೇರೆ ಬೇರೆ ಟಿಕೆಟ್ ಆಗಿದ್ದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಆಗ ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು, ವಲಸೆ ವಿಭಾಗದ ಸಾಲಿನಲ್ಲೂ ನಿಲ್ಲಬೇಕಾಗಬಹುದು.

ಹಂತ 11: ಮನೆಯಿಂದ ಮನೆಗೆ

ಕೊನೆಯದಾಗಿ ಒಂದು ಚೀಟಿ ಬರೆಯಿರಿ. ನಿಲ್ದಾಣಕ್ಕೆ ಹೋಗುವ ಹೊತ್ತು, ಅಲ್ಲಿ ಮೂರು ಗಂಟೆ ಮೊದಲೇ ಇರಬೇಕಾದದ್ದು, ಬ್ಲಾಕ್ ಟೈಮ್, ನಡುವಿನ ಬಿಡುವು, ಇಳಿದ ಮೇಲೆ ಒಂದು ಗಂಟೆ, ಅಲ್ಲಿಂದ ಊರಿಗೆ. 8 ಗಂಟೆಯ ಹಾರಾಟ ಹೀಗೆ 14 ಗಂಟೆಯ ಪ್ರಯಾಣವಾಗುವುದು ತೀರಾ ಸಾಮಾನ್ಯ.

ಕರೆದುಕೊಂಡು ಹೋಗಲು ಬರುವವರಿಗೆ ಈ ಚೀಟಿಯ ಫೋಟೊ ಕಳಿಸಿ. ಅದರಲ್ಲಿ ಇಳಿಯುವ ಹೊತ್ತನ್ನು ಅವರ ಊರಿನ ಗಡಿಯಾರದಲ್ಲೇ ಬರೆಯಿರಿ, ಪಕ್ಕದಲ್ಲಿ ತಾರೀಖು ಮತ್ತು ವಾರ, ಕೆಳಗೆ ವಿಮಾನದ ನಂಬರ್ ಮತ್ತು ನಿಲ್ದಾಣದ ಮೂರಕ್ಷರದ ಕೋಡ್. ನೀವು ಆಕಾಶದಲ್ಲಿರುವಾಗ ಗಾಳಿ ಹೇಗಿದೆ ಅಂತ ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ನಂಬರ್ ಹಾಕಿ ನೋಡಿ, ಬೇಗ ಬರುವ ಹಾಗಿದ್ದರೆ ಬೇಗ ಹೊರಡುತ್ತಾರೆ.